ಟೀಚರ್ ಹೇಳಿದ್ದು ನಿಜಾನಾ, ಅಪ್ಪ ಹೇಳಿದ್ದು ನಿಜಾನಾ?

ನನ್ನ ಹತ್ತಿರ ಸಲಹೆ ಕೇಳಲು ಬಂದ, ಹೈನುಗಾರಿಕೆ ಮಾಡುವ ಒಂದು ಕುಟುಂಬದ ಪ್ರಕರಣ ಇದು. ಬರೆಯಲು ಮನೆಯವರ ಒಪ್ಪಿಗೆ ಇದೆ, ಹುಡುಗಿಯದ್ದೂ ಸೇರಿ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ. ಹಸು, ಕುರಿ, ಕೋಳಿ ಸಾಕುವ ಬೇರೆ ತಂದೆತಾಯಂದಿರೂ, ಶಾಲೆಯ ಪಾಠ ನಮ್ಮ ಕಸುಬನ್ನು ಕೆಟ್ಟದಾಗಿ ತೋರಿಸುತ್ತಿದೆ ಅನ್ನುವ ಇದೇ ದೂರು ಹೊತ್ತು ಬರುತ್ತಿದ್ದಾರೆ, ಹಾಗಾಗಿ ಕೊಟ್ಟ ಸಲಹೆಯನ್ನು ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ತಂದೆ ತಾಯಿ ಇಬ್ಬರೂ ಬಂದಿದ್ದರು. ಮಗಳಿಗೆ 11 ವರ್ಷ. ಶಾಲೆಯಲ್ಲಿ ಆಹಾರ ಮತ್ತು ಹವಾಮಾನದ ಬಗ್ಗೆ ಒಂದು ಪಾಠ ನಡೆದಿದೆ. ಡೈರಿಗಳ ಮೇಲೆ ಒಂದು ವಿಡಿಯೊ ತೋರಿಸಿದ್ದಾರೆ. ಆಗ ತಾನೇ ಹುಟ್ಟಿದ ಕರುವನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗುವುದು, ಹಿಂದಿನಿಂದ ತಾಯಿ ಹಸು ಕೂಗುವುದು, ಇಷ್ಟೇ ಅದರಲ್ಲಿ ಮುಖ್ಯವಾಗಿ ಇದ್ದದ್ದು. ಆಮೇಲೆ ಎಲ್ಲರಿಗೂ ಒಂದು ಹಾಳೆ ಕೊಟ್ಟಿದ್ದಾರೆ. ಹಸುವಿನ ಚಿತ್ರ, ಪಕ್ಕದಲ್ಲಿ ದೊಡ್ಡದಾಗಿ 'ಶೇ. 14.5' (ಭೂಮಿಯನ್ನು ಬಿಸಿ ಮಾಡುವ ಅನಿಲಗಳಲ್ಲಿ ಜಾನುವಾರು ಸಾಕಣೆಯ ಪಾಲು), ಕೆಳಗೆ ಒಂದು ಪ್ರಶ್ನೆ: 'ಇದನ್ನು ಕಡಿಮೆ ಮಾಡಲು ನೀನು ಏನನ್ನು ಬಿಡುತ್ತೀಯಾ?'

ಅವತ್ತಿನಿಂದ ಹುಡುಗಿ ಕೊಟ್ಟಿಗೆಗೆ ಕಾಲಿಟ್ಟಿಲ್ಲ. ಹಾಲು ಮುಟ್ಟುತ್ತಿಲ್ಲ. ಅದಕ್ಕೂ ಮೊದಲು ಬೆಳಿಗ್ಗೆ ಎಳೆ ಕರುಗಳಿಗೆ ಕುಡಿಸುವುದು ಅವಳದ್ದೇ ಕೆಲಸ. ಬಕೆಟ್ಟಿನ ಹಾಲಿಗೆ ಬೆರಳು ಅದ್ದಿ ಕರುವಿಗೆ ಚೀಪಲು ಕೊಡುವುದು, ಅದು ಚೀಪುತ್ತಿರುವಾಗಲೇ ಕೈಯನ್ನು ಮೆಲ್ಲಗೆ ಕೆಳಗಿಳಿಸುತ್ತಾ ಮೂತಿ ಹಾಲಿಗೆ ತಾಗುವಂತೆ ಮಾಡುವುದು, ಆಮೇಲೆ ಕರುವಿಗೆ ಗೊತ್ತಾಗದ ಹಾಗೆ ಬೆರಳು ಎಳೆದುಕೊಳ್ಳುವುದು, ಇದನ್ನೆಲ್ಲ ಚಿಕ್ಕವಳಿದ್ದಾಗಲೇ ಕಲಿತಿದ್ದಳು ಅಂತ ತಾಯಿ ಹೇಳಿದರು. ತಂದೆ ಮಾತ್ರ ಮಗಳಿಗಿಂತ ಶಾಲೆಯ ಬಗ್ಗೆಯೇ ಜಾಸ್ತಿ ಮಾತಾಡಿದರು. ದೂರಿನ ಪತ್ರ ಬರೆದಿಟ್ಟುಕೊಂಡೇ ಬಂದಿದ್ದರು. ಆ ಪಾಠ ನಿಲ್ಲಿಸಬೇಕು, ಇಲ್ಲದಿದ್ದರೆ ಮಗಳನ್ನು ಆ ತರಗತಿಗೆ ಕಳಿಸುವುದಿಲ್ಲ ಅಂತ ಅದರಲ್ಲಿತ್ತು.

ಅವರ ಸಿಟ್ಟನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ, ಓದುವವರೂ ತೆಗೆದುಕೊಳ್ಳಬಾರದು. ಹೊತ್ತು ಮೂಡುವ ಮೊದಲೇ ಎದ್ದು, ಜ್ವರ ಬಂದರೂ ರಜೆ ಇಲ್ಲದೆ, ಕರು ಹಾಕುವ ಹಸುವಿನ ಪಕ್ಕ ರಾತ್ರಿಯಿಡೀ ಕೂತು ಬದುಕುವ ಮನುಷ್ಯ ಅವರು. ಅಂಥವರನ್ನು ಮಕ್ಕಳ ಮುಂದೆ ಕ್ರೂರಿ ಅಂತ ತೋರಿಸಿದರೆ ನೋವಾಗದೆ ಇರುತ್ತದಾ? ಶಾಲೆಗಳು ಇಲ್ಲಿ ಎಡವುವುದು ಒಂದೇ ಜಾಗದಲ್ಲಿ. ಸಣ್ಣ ತರಗತಿಯಲ್ಲಿ ಚಿತ್ರದ ಪುಸ್ತಕ, ಅದರಲ್ಲಿ ಒಂದು ಹಸು, ಒಂದು ಕೋಳಿ, ನಗುವ ರೈತ. ನಾಲ್ಕೈದು ವರ್ಷ ಕಳೆದ ಮೇಲೆ ಇದ್ದಕ್ಕಿದ್ದ ಹಾಗೆ ಕರು ಕಿತ್ತುಕೊಳ್ಳುವ ವಿಡಿಯೊ. ನಡುವೆ ಏನೂ ಇಲ್ಲ. ಕೊಟ್ಟಿಗೆಯಲ್ಲಿ ಬೆಳೆಯುವ ಮಗು ಬದುಕುವುದು ಆ ನಡುವಿನಲ್ಲಿ. ಅವಳಿಗೆ ಸಗಣಿಯೂ ಗೊತ್ತು, ಕೆಚ್ಚಲು ಬಾವು ಬಂದ ಹಸುವೂ ಗೊತ್ತು, ಸತ್ತು ಹುಟ್ಟಿದ ಕರುವೂ ಗೊತ್ತು, ಆದರೆ ಅದ್ಯಾವುದೂ ಪಾಠದಲ್ಲಿ ಬರುವುದೇ ಇಲ್ಲ.

ಮಗಳ ಜೊತೆ ಬೇರೆಯಾಗಿ ಕೂತೆ. ಮೊದಮೊದಲು ಅವಳು ಹಸುವಿನ ಬಗ್ಗೆ ಮಾತೇ ಆಡಲಿಲ್ಲ. ವಿಡಿಯೊ ಹೇಗಿತ್ತು ಅಂದರೆ 'ಪರವಾಗಿಲ್ಲ' ಅನ್ನುತ್ತಿದ್ದಳು. ವಿಡಿಯೊ ಮುಗಿದ ಮೇಲೆ ಏನಾಯಿತು ಅಂತ ಕೇಳಿದಾಗ ಹೊರಗೆ ಬಂತು. ಪಕ್ಕದ ಹುಡುಗಿ ಇವಳ ಕಡೆ ತಿರುಗಿ, ನಿಮ್ಮನೇಲೂ ಹೀಗೇ ಮಾಡ್ತಾರಾ ಅಂದಿದ್ದಾಳೆ. ಇವಳು ಇಲ್ಲ ಅಂದಿದ್ದಾಳೆ. 'ಆದ್ರೆ ಮಾಡ್ತೀವಿ ಮೇಡಂ. ಕರು ಹುಟ್ಟಿದ ದಿನವೇ ಬೇರೆ ಕಟ್ತೀವಿ. ಆ ಕರುಗೆ ಹಾಲು ಕುಡಿಸೋದು ನಾನೇ.'

ಅಲ್ಲಿಗೆ ನನಗೆ ಪ್ರಕರಣ ಅರ್ಥವಾಯಿತು. ಅಪ್ಪನ ಮಾನ ಉಳಿಸಲು ಅವಳು ಸುಳ್ಳು ಹೇಳಿದ್ದಳು. ಮನೆಗೆ ಬಂದು ಆ ಹಾಳೆ ತೋರಿಸಿದಾಗ ಅಪ್ಪ, 'ಇದೆಲ್ಲ ಬರೀ ಸುಳ್ಳು, ತಲೆ ಕೆಡಿಸ್ಕೋಬೇಡ' ಅಂದುಬಿಟ್ಟಿದ್ದರು. ಕರು ಬೇರೆ ಕಟ್ಟುವುದು ಸುಳ್ಳಲ್ಲ ಅಂತ ಅವಳಿಗೆ ಗೊತ್ತು. ಹಾಗಾದರೆ ಅಪ್ಪನ ಮಾತಿನಲ್ಲಿ ಉಳಿದದ್ದೆಷ್ಟು ನಿಜ? ಟೀಚರ್ ಮಾತು ನಂಬಿದರೆ ಅಪ್ಪನಿಗೆ ಮೋಸ ಮಾಡಿದ ಹಾಗೆ, ಅಪ್ಪನ ಮಾತು ನಂಬಿದರೆ ತಾನು ಕಣ್ಣಾರೆ ಕಂಡದ್ದನ್ನೇ ಅಲ್ಲಗಳೆದ ಹಾಗೆ. ಈ ಇಕ್ಕಟ್ಟಿನಿಂದ ತಪ್ಪಿಸಿಕೊಳ್ಳಲು ಅವಳಿಗೆ ಸಿಕ್ಕಿದ್ದು ಒಂದೇ ದಾರಿ, ಕೊಟ್ಟಿಗೆಗೆ ಹೋಗದೆ ಇರುವುದು.

ತಂದೆತಾಯಿಗೆ ಹೇಳಿದ ಮೊದಲ ಮಾತು ಇದೇ. ಶಾಲೆಯ ಜಗಳ ನಿಮ್ಮದು, ಅದನ್ನು ನೀವು ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಅದರೊಳಗೆ ಮಗಳನ್ನು ಎಳೆಯಬೇಡಿ. ಟೀಚರ್‌ಗೆ ಹೀಗೆ ಹೇಳು ಅಂತ ಅವಳ ಕೈಯಲ್ಲಿ ಮಾತು ಕಳಿಸಬೇಡಿ. ಊಟದ ಹೊತ್ತಿನಲ್ಲಿ ಟೀಚರ್ ಬಗ್ಗೆ ಹಗುರವಾಗಿ ಮಾತಾಡಬೇಡಿ. ಪಾಠದಿಂದ ಹೊರಗೆ ಕೂರಿಸಿದರೆ ಇಡೀ ತರಗತಿಗೆ ಅವಳು ಯಾರ ಮಗಳು ಅಂತ ಇನ್ನೊಮ್ಮೆ ತೋರಿಸಿಕೊಟ್ಟ ಹಾಗಾಗುತ್ತದೆ. ನೀವು ಶಾಲೆಗೆ ಹೋಗುವ ಮೊದಲು ಅವಳ ಪ್ರಶ್ನೆಗೆ ಮನೆಯಲ್ಲಿ ಉತ್ತರ ಸಿಗಬೇಕು.

ಉತ್ತರ ಅಂದರೆ ನಿಜವಾದ ಉತ್ತರ. ತಂದೆಗೆ ಇದು ಕಷ್ಟವಾಯಿತು. ಆ ಶೇ. 14.5ರ ವಿಷಯವನ್ನೇ ತೆಗೆದುಕೊಳ್ಳಿ. ಅದು ಯಾರೋ ಸುಮ್ನೆ ಹುಟ್ಟಿಸಿದ ಅಂಕಿಯಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಕೊಟ್ಟ ಲೆಕ್ಕ. ಅದೇ ಸಂಸ್ಥೆ 2006ರಲ್ಲಿ ಶೇ. 18 ಅಂದಿತ್ತು. ಮನುಷ್ಯರಿಂದ ಆಗುವ ಹಸಿರುಮನೆ ಅನಿಲಗಳಲ್ಲಿ ಇಡೀ ಜಗತ್ತಿನ ಜಾನುವಾರು ಸಾಕಣೆಯ ಪಾಲು ಅದು. ಮೇವು ಬೆಳೆಯುವುದು, ಕಾಡು ಕಡಿದು ಹುಲ್ಲುಗಾವಲು ಮಾಡುವುದು, ಗೊಬ್ಬರ, ಸಾಗಣೆ ಎಲ್ಲ ಅದರಲ್ಲಿ ಸೇರಿದೆ. ಹಾಳೆಯಲ್ಲಿ ಒಂಟಿ ಹಸುವಿನ ಚಿತ್ರ ಹಾಕಿದ್ದರಿಂದ ಮಗುವಿಗೆ ಅನಿಸುವುದೇ ಬೇರೆ, ಈ ಮಾತನ್ನು ತಂದೆ ಧೈರ್ಯವಾಗಿ ಹೇಳಬಹುದು. ಜೊತೆಗೆ ಹಸು ತಿಂದ ಮೇವು ಅರಗುವಾಗ ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳಿಂದ ಮೀಥೇನ್ ಹುಟ್ಟುತ್ತದೆ, ಬಹುಪಾಲು ತೇಗಿನಲ್ಲಿ ಹೊರಗೆ ಬರುತ್ತದೆ, ಅದು ಭೂಮಿಯನ್ನು ಬಿಸಿ ಮಾಡುತ್ತದೆ ಅನ್ನುವುದನ್ನೂ ಹೇಳಬೇಕು. ಮೀಥೇನ್ ಗಾಳಿಯಲ್ಲಿ ಉಳಿಯುವುದು ಸುಮಾರು 12 ವರ್ಷ, ಆದ್ದರಿಂದ ಅದನ್ನು ಕಡಿಮೆ ಮಾಡಿದರೆ ಫಲ ಬೇಗ ಕಾಣುತ್ತದೆ. ಒಳ್ಳೆಯ ಮೇವು, ರೋಗವಿಲ್ಲದ ಹಸು, ಸರಿಯಾದ ಸಮಯಕ್ಕೆ ಗಬ್ಬ ನಿಲ್ಲುವುದು, ಇವೆಲ್ಲ ಲೀಟರ್ ಹಾಲಿಗೆ ಬೀಳುವ ಮೀಥೇನ್ ಲೆಕ್ಕವನ್ನು ಇಳಿಸುತ್ತವೆ. ಇದು ಅವರಿಗೇ ನನಗಿಂತ ಚೆನ್ನಾಗಿ ಗೊತ್ತು.

ಅವರು ಇನ್ನೊಂದು ಅಂಕಿ ತಂದಿದ್ದರು. ಜಾನುವಾರುಗಳು ತಿನ್ನುವುದರಲ್ಲಿ ಸುಮಾರು ಶೇ. 86 ಮನುಷ್ಯರು ತಿನ್ನಲಾಗದ್ದು, ಹುಲ್ಲು, ಸೊಪ್ಪೆ, ಹಿಂಡಿ ಇಂಥದ್ದು. ಇದೂ ನಿಜ, 2017ರ ಅಧ್ಯಯನದ್ದು. ಅದೇ ಅಧ್ಯಯನದಲ್ಲಿ ಜಗತ್ತಿನ ಧಾನ್ಯದಲ್ಲಿ ಮೂರನೇ ಒಂದು ಪಾಲು ಜಾನುವಾರುಗಳ ಹೊಟ್ಟೆಗೆ ಹೋಗುತ್ತದೆ ಅಂತಲೂ ಇದೆ. ಎರಡನ್ನೂ ಹೇಳಿ ಅಂದೆ. ಒಂದನ್ನೇ ಹೇಳಿದರೆ ನಾಳೆ ಇನ್ನೊಂದನ್ನು ಅವಳು ಬೇರೆಯವರಿಂದ ಕೇಳುತ್ತಾಳೆ, ಆಗ ನಿಮ್ಮ ಮೇಲಿನ ನಂಬಿಕೆ ಮತ್ತೆ ಸಡಿಲವಾಗುತ್ತದೆ.

ಕರುವಿನ ಮಾತು ಇದಕ್ಕಿಂತ ಕಷ್ಟದ್ದು. ಯಾಕೆ ಬೇರೆ ಕಟ್ಟುತ್ತೀರಿ ಅಂತ ನಾನೇ ಕೇಳಿದೆ. ಕರು ಹುಟ್ಟುವಾಗ ಅದರ ಮೈಯಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲ ಅಂದರೂ ಸರಿ, ಗಿಣ್ಣು ಹಾಲಿನಿಂದಲೇ ಅದು ಬರಬೇಕು, ಅದೂ ಮೊದಲ ಕೆಲವು ಗಂಟೆಗಳಲ್ಲೇ, ಕೈಯಿಂದ ಕುಡಿಸಿದರೆ ಎಷ್ಟು ಕುಡಿಯಿತು ಅಂತ ಗೊತ್ತಾಗುತ್ತದೆ ಅಂದರು. ನಿಜ. 'ಮತ್ತೆ?' ಅಂದೆ. ಸ್ವಲ್ಪ ಹೊತ್ತು ಬಿಟ್ಟು, 'ಹಾಲು ಮಾರಬೇಕಲ್ಲ ಮೇಡಂ' ಅಂದರು. ಅದನ್ನೂ ಹೇಳಿ. ತಾಯಿ ಕೂಗುತ್ತದೆ, ಅದು ನಮಗೂ ಕೇಳಿಸುತ್ತದೆ ಅಂತಲೂ ಹೇಳಿ. ಹೋರಿಗರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ, ಮಾಂಸಕ್ಕೆ ಹೋಗುತ್ತದೆ ಅನ್ನಿ. 11 ವರ್ಷದವಳಿಗೆ ಸಾವು ಅಂದರೆ ಏನು ಅಂತ ಗೊತ್ತು. ಅವಳಿಗೆ ಗೊತ್ತಿಲ್ಲದ್ದು, ಇದನ್ನು ಮನೆಯಲ್ಲಿ ಬಾಯಿಬಿಟ್ಟು ಮಾತಾಡಬಹುದಾ ಅನ್ನುವುದು ಮಾತ್ರ. ಕೊನೆಗೆ ಒಂದು ಮಾತು ಸೇರಿಸಲು ಹೇಳಿದೆ: 'ನೀನು ಬೇರೆ ಥರ ಯೋಚಿಸಿದರೂ ನಮಗೆ ಬೇಜಾರಿಲ್ಲ. ತರಗತಿಯಲ್ಲಿ ನೀನು ನಮ್ಮ ಪರ ಮಾತಾಡಬೇಕಾಗಿಲ್ಲ.'

ಆಮೇಲೆ ಮನೆಯವರು ಒಟ್ಟಾಗಿ ಮಾಡುವಂಥ ಒಂದು ಕೆಲಸ ಕೊಟ್ಟೆ. ಬ್ರಿಟನ್ನಿನಲ್ಲಿ 1965ರಲ್ಲಿ ಬ್ರಾಂಬೆಲ್ ಸಮಿತಿ ಸಾಕುಪ್ರಾಣಿಗಳ ಸ್ಥಿತಿ ಬಗ್ಗೆ ವರದಿ ಕೊಟ್ಟಿತು. ಅದರಿಂದ ಬೆಳೆದದ್ದು 'ಐದು ಸ್ವಾತಂತ್ರ್ಯಗಳು'. ಹಸಿವು ಬಾಯಾರಿಕೆ ಇರಬಾರದು, ಇರುವ ಜಾಗ ಹಿಂಸೆಯಾಗಬಾರದು, ನೋವು, ಗಾಯ, ರೋಗಕ್ಕೆ ಆರೈಕೆ ಸಿಗಬೇಕು, ತನ್ನ ಸ್ವಭಾವದಂತೆ ಇರಲು ಅವಕಾಶ ಬೇಕು, ಭಯ ಸಂಕಟ ಇರಬಾರದು. ಈ ಐದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಅಪ್ಪ ಮಗಳು ಕೊಟ್ಟಿಗೆ ಸುತ್ತಿ, ಎಲ್ಲಿ ಸರಿ ಇದೆ ಎಲ್ಲಿ ಇಲ್ಲ ಅಂತ ಗುರುತು ಹಾಕಿ ಅಂದೆ. ಗುರುತು ಹಾಕುವ ಪೆನ್ನು ಮಗಳ ಕೈಯಲ್ಲಿರಲಿ, ಅಪ್ಪ ಸಮರ್ಥನೆ ಕೊಡಬಾರದು, ಕೇಳಿದ್ದಕ್ಕೆ ಮಾತ್ರ ಉತ್ತರ.

ಅವಳು ಬೇಗ ಒಪ್ಪಲಿಲ್ಲ. ಒಪ್ಪಿದ ಮೇಲೆ ಆ ಹಾಳೆಯ ಎರಡೂ ಬದಿ ತುಂಬಿಸಿ ತಂದಳು. ನೀರು, ಮೇವು, ಹಾಸು, ಡಾಕ್ಟರು, ಎಲ್ಲದಕ್ಕೂ ಸರಿ ಗುರುತು. ನಾಲ್ಕನೆಯ ಸ್ವಾತಂತ್ರ್ಯಕ್ಕೆ, ಅಂದರೆ ಸ್ವಭಾವದಂತೆ ಇರುವ ಅವಕಾಶಕ್ಕೆ, ತಪ್ಪು ಗುರುತು: 'ಕರುಗಳು ಒಂಟಿ ಇವೆ.' ತಂದೆ ಪಶುವೈದ್ಯರನ್ನು ಕೇಳಿದರು. ರೋಗ ಹರಡದ ಹಾಗೆ ನೋಡಿಕೊಂಡರೆ ಎರಡೆರಡು ಕರು ಜೊತೆಗಿಡಬಹುದು, ಜೊತೆಗಿದ್ದರೆ ಮೇವು ತಿನ್ನುವುದನ್ನೂ ಬೇಗ ಕಲಿಯುತ್ತವೆ ಅಂತ ಅವರು ಹೇಳಿದರು. ನಡುವಿನ ಅಡ್ಡಪಟ್ಟಿ ಬಿಚ್ಚಿ ಎರಡು ಮರಿಕೋಣೆ ಒಂದು ಮಾಡಿದರು. ಹುಡುಗಿ ಮತ್ತೆ ಕರುಗಳ ಹತ್ತಿರ ಹೋಗಲು ಶುರು ಮಾಡಿದ್ದು ಆಗ. ಮಗಳ ಟೀಕೆಯಿಂದ ಕೊಟ್ಟಿಗೆಯಲ್ಲಿ ಒಂದು ಬದಲಾವಣೆ ಆಯಿತಲ್ಲ, ನನ್ನ ಎಲ್ಲ ಮಾತಿಗಿಂತ ಅವಳಿಗೆ ಅದೇ ಜಾಸ್ತಿ ಸಹಾಯ ಮಾಡಿತು.

ಇನ್ನು ಶಾಲೆಗೆ ಹೋಗುವ ವಿಷಯ. ಹಳೆಯ ಪತ್ರ ಬದಿಗಿಟ್ಟು ಹೊಸದು ಬರೆಯಲು ಹೇಳಿದೆ. ಪಾಠ ನಿಲ್ಲಿಸಿ ಅನ್ನಬೇಡಿ, ಪೂರ್ತಿ ಮಾಡಿ ಅನ್ನಿ. ಯಾವ ಹಾಳೆ, ಯಾವ ಸಾಲು ಅಂತ ಬೆರಳಿಟ್ಟು ತೋರಿಸಿ. ಶೇ. 14.5ರಲ್ಲಿ ಏನೇನು ಸೇರಿದೆ ಅಂತ ಹೇಳಲು ಕೇಳಿ. ಮನಕಲಕುವ ವಿಡಿಯೊ ತೋರಿಸುವ ಮೊದಲು ಮಕ್ಕಳಿಗೂ ಮನೆಗೂ ತಿಳಿಸಲಿ, ಮುಗಿದ ಮೇಲೆ ಮಾತಾಡಲು ಸಮಯ ಕೊಡಲಿ. 'ನೀನು ಏನನ್ನು ಬಿಡುತ್ತೀಯಾ' ಅನ್ನುವ ಪ್ರಶ್ನೆ ಉತ್ತರವನ್ನು ಮೊದಲೇ ಬಾಯಿಗೆ ತುರುಕುತ್ತದೆ, ಅದನ್ನು ಬದಲಿಸಬಹುದಾ ಅಂತ ವಿಚಾರಿಸಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೇ ವಿಧಿಯನ್ನೂ ತೋರಿಸಿದೆ. ಶಿಕ್ಷಣ ಮಗುವಿನಲ್ಲಿ ತಂದೆತಾಯಿಯ ಬಗ್ಗೆ ಗೌರವ ಬೆಳೆಸಬೇಕು ಅಂತ ಅದರಲ್ಲಿದೆ, ಪ್ರಕೃತಿಯ ಬಗ್ಗೆ ಗೌರವ ಬೆಳೆಸಬೇಕು ಅಂತಲೂ ಅದೇ ವಿಧಿಯಲ್ಲಿದೆ. ಟೀಚರ್ ಎರಡನೆಯದನ್ನು ಹಿಡಿದಿದ್ದರು, ತಂದೆ ಮೊದಲನೆಯದನ್ನು. ಮಾತು ಶುರು ಮಾಡಲು ಅಷ್ಟು ಸಾಕು ಅಲ್ವಾ?

ಹಾಲು ಮಾರುವವರು ಅಚ್ಚು ಹಾಕಿಸಿದ ಬಣ್ಣದ ಕರಪತ್ರಗಳನ್ನು ತರಗತಿಗೆ ಕೊಡಬೇಕು ಅಂತ ತಂದೆ ಅಂದಿದ್ದರು. ಬೇಡ ಅಂದೆ. ಒಂದು ಬದಿಯ ಪಾಠಕ್ಕೆ ಇನ್ನೊಂದು ಬದಿಯ ಜಾಹೀರಾತು ಉತ್ತರವಲ್ಲ. ನೀವೇ ಹೋಗಿ, ಮಕ್ಕಳು ಕೇಳಿದ್ದಕ್ಕೆ ಉತ್ತರ ಹೇಳಿ.

ಟೀಚರ್ ಕೇಳಿಸಿಕೊಂಡರು. ತರಗತಿಯಲ್ಲಿ ಹೈನುಗಾರರ ಮಗು ಇದೆ ಅನ್ನುವುದೇ ಅವರ ಗಮನಕ್ಕೆ ಬಂದಿರಲಿಲ್ಲವಂತೆ. ಹಾಳೆಯ ಪ್ರಶ್ನೆ ಬದಲಾಯಿತು, ತಂದೆ ಒಂದು ದಿನ ತರಗತಿಗೂ ಹೋಗಿ ಬಂದರು. ಹೋಗಲಿ ಬಿಡಲಿ ಅನ್ನುವುದನ್ನು ಮಗಳನ್ನು ಕೇಳಿಯೇ ತೀರ್ಮಾನ ಮಾಡಿದ್ದು. ತನ್ನನ್ನು ಮುಂದೆ ಕರೆಯಬಾರದು ಅಂತ ಅವಳು ಷರತ್ತು ಹಾಕಿದ್ದಳು, ಯಾರೂ ಕರೆಯಲಿಲ್ಲ. ಎಲ್ಲ ಶಾಲೆಯೂ ಹೀಗೆ ಸ್ಪಂದಿಸುತ್ತದೆ ಅಂತ ನಾನು ಹೇಳುವುದಿಲ್ಲ. ಸ್ಪಂದಿಸದಿದ್ದರೂ ಮನೆಯಲ್ಲಿ ಮಾತಾಡಿದ್ದು ವ್ಯರ್ಥವಾಗುವುದಿಲ್ಲ.

ಅವಳು ಈಗಲೂ ಹಾಲು ಕುಡಿಯುವುದಿಲ್ಲ. ತಾಯಿಗೆ ಇದೇ ದೊಡ್ಡ ಚಿಂತೆ. ಒತ್ತಾಯ ಮಾಡಬೇಡಿ ಅಂದೆ, ಹಾಲಿನ ಲೋಟವನ್ನು ಅಪ್ಪನ ಮೇಲಿನ ಪ್ರೀತಿಯ ಪರೀಕ್ಷೆ ಮಾಡಬೇಡಿ. ಬೆಳೆಯುವ ಮಗುವಿಗೆ ಕ್ಯಾಲ್ಸಿಯಂ, ಪ್ರೋಟೀನ್ ಬೇರೆ ಕಡೆಯಿಂದ ಸಿಗಬೇಕು. ಮೊಟ್ಟೆ, ಮಾಂಸವನ್ನೂ ಬಿಟ್ಟರೆ ವಿಟಮಿನ್ ಬಿ12ಗೆ ಮಾತ್ರೆ ಅಥವಾ ಬಿ12 ಸೇರಿಸಿದ ಆಹಾರ ಬೇಕೇ ಬೇಕು. ಅದಕ್ಕೆ ವೈದ್ಯರನ್ನು ಕಾಣಲು ಹೇಳಿದ್ದೇನೆ. ಹೋರಿಗರುಗಳನ್ನು ಸಾಗಿಸುವ ದಿನ ಅವಳು ಕೊಟ್ಟಿಗೆ ಕಡೆ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ.

ಕೊನೆಯ ಭೇಟಿಯಲ್ಲಿ ತಾಯಿ ಚಿಕ್ಕ ಮಗನ ಬಗ್ಗೆ ಕೇಳಿದರು. ಅವನಿಗೆ ಆರು ವರ್ಷ, ಈಗಲೇ ಎಲ್ಲ ಹೇಳಿಬಿಡಬೇಕಾ ಅಂತ. ಅವನು ಕೇಳಿದಷ್ಟಕ್ಕೆ ಹೇಳಿ, ಸಣ್ಣ ಸಣ್ಣ ಮಾತಿನಲ್ಲಿ. ಮಾರಿದ ಕರುವನ್ನು 'ದೊಡ್ಡ ಹುಲ್ಲುಗಾವಲಿಗೆ ಹೋಯ್ತು' ಅನ್ನಬೇಡಿ, ಮಾರಿದೆವು ಅನ್ನಿ. ಆಮೇಲೆ ಏನಾಗುತ್ತದೆ ಅಂತ ಅವನೇ ಕೇಳಿದ ದಿನ, ಅದನ್ನೂ ಹೇಳಿ. ತರಗತಿಯ ವಿಡಿಯೊದಿಂದ ಗೊತ್ತಾಗುವ ಮೊದಲು ಅವನಿಗೆ ಅದು ನಿಮ್ಮಿಂದ ಗೊತ್ತಿರಲಿ.