ಹಬೆಯ ಕೆಟಲ್ ಬಡಿದುಕೊಳ್ಳುವುದೇಕೆ?

ಪ್ರಶ್ನೆ: ನಮ್ಮ ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ಮೂರು ಸ್ಟೀಮ್ ಕೆಟಲ್‌ಗಳಿವೆ. ಒಂದರಲ್ಲಿ ಬೆಳಿಗ್ಗೆ ಹಬೆ ಬಿಟ್ಟೊಡನೆ ಸುತ್ತಿಗೆಯಿಂದ ಹೊಡೆದಂಥ ಸದ್ದು ಬರುತ್ತದೆ. ಬೇಳೆ ಬೇಯುವುದೂ ತಡ. ಒತ್ತಡ ಹೆಚ್ಚಿಸಿದರೆ ಪಾಯಸ ಪಕ್ಕದ ಗೋಡೆಗೆ ಹತ್ತಿ ಸೀಯುತ್ತದೆ, ಸೇಫ್ಟಿ ವಾಲ್ವ್ ಸೋರುತ್ತದೆ. ಅದನ್ನು ಬಿಗಿ ಮಾಡಿಸಬಹುದೇ?
– ವಾರ್ಡನ್, ತುಮಕೂರು ಜಿಲ್ಲೆ

ಉತ್ತರ: ಬೇಡ. ಸೇಫ್ಟಿ ವಾಲ್ವಿಗೆ ಯಾರೂ ಸ್ಪಾನರ್ ಹಾಕಕೂಡದು. ಕೆಟಲ್ಲಿನ ಎರಡು ಗೋಡೆಗಳ ನಡುವೆ ಹಬೆ ತುಂಬುವ ಜಾಗವೇ ಜಾಕೆಟ್. ಅದರೊಳಗೆ 2 ಬಾರ್ ಒತ್ತಡವಿದ್ದರೆ ಪ್ರತಿ ಚದರ ಮೀಟರ್ ಗೋಡೆಯ ಮೇಲೆ ಸುಮಾರು 20 ಟನ್ ಭಾರ ಹೇರಿದಂತೆ. ಅದರ ಪಕ್ಕದಲ್ಲೇ ನಿಮ್ಮ ಅಡುಗೆಯವರು ದಿನವೂ ನಿಂತು ಸೌಟು ಆಡಿಸುತ್ತಾರೆ. ಒತ್ತಡವನ್ನು ಇಂದೇ ಹಳೆಯ ಮಟ್ಟಕ್ಕೆ ಇಳಿಸಿ. ಕೆಟಲ್ಲಿನ ಫಲಕದಲ್ಲಿ ಬರೆದ ಮಿತಿಯನ್ನು ಎಂದಿಗೂ ಮೀರಬೇಡಿ. ಇಳಿಸಿದ ಮೇಲೂ ಸೋರಿದರೆ ವಾಲ್ವಿನ ಸೀಟಿನಲ್ಲಿ, ಅಂದರೆ ಅದರ ಬಿರಡೆ ಕೂರುವ ಜಾಗದಲ್ಲಿ, ಕಸ ಕೂತಿರಬಹುದು, ಇಲ್ಲವೇ ಸೀಟು ಸವೆದಿರಬಹುದು. ಹಳೆಯ ವಾಲ್ವಿನಷ್ಟೇ ಒತ್ತಡಕ್ಕೆ ಹೊಂದಿಸಿದ ಹೊಸ ವಾಲ್ವ್ ಹಾಕಿಸಿ.

ಪಾಯಸ ತಳದಲ್ಲಲ್ಲ, ಪಕ್ಕದಲ್ಲಿ ಸೀಯುತ್ತದೆ ಎಂದು ಬರೆದಿರಲ್ಲ, ಅದೇ ದೊಡ್ಡ ಸುಳಿವು. ನಿಮ್ಮ ಜಾಕೆಟ್ಟಿನ ತಳದಲ್ಲಿ ನೀರು ನಿಂತಿದೆ. ಒಂದು ಕಿಲೋ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಬೇಕಾದ ಶಾಖದ ಐದು ಪಟ್ಟಿಗೂ ಹೆಚ್ಚು ಶಾಖವನ್ನು ಒಂದು ಕಿಲೋ ಹಬೆ ನೀರಾಗುವಾಗ ಬಿಟ್ಟುಕೊಡುತ್ತದೆ. ಬೇಳೆ ಬೇಯುವುದು ಆ ಶಾಖದಿಂದ. ಹಾಗೆ ಆದ ನೀರನ್ನು ಸ್ಟೀಮ್ ಟ್ರ್ಯಾಪ್ ಹೊರಹಾಕುತ್ತಿರಬೇಕು. ಅದು ಕಟ್ಟಿಕೊಂಡರೆ ತಳದ ಗೋಡೆಗೆ ಹಬೆಯೇ ತಾಗುವುದಿಲ್ಲ, ಮೇಲ್ಭಾಗ ಮಾತ್ರ ಕಾಯುತ್ತದೆ. ನೀವು ಒತ್ತಡ ಏರಿಸಿದಷ್ಟೂ ಆ ಮೇಲ್ಭಾಗವೇ ಇನ್ನಷ್ಟು ಸುಡುತ್ತದೆ. ಬೆಳಗಿನ ಸದ್ದೂ ಇದೇ ನೀರಿನದು: ರಭಸದಿಂದ ನುಗ್ಗುವ ಹಬೆ ಕೊಳವೆಯಲ್ಲಿ ನಿಂತ ನೀರನ್ನು ಎತ್ತಿಕೊಂಡು ಹೋಗಿ ತಿರುವಿಗೆ ಅಪ್ಪಳಿಸುತ್ತದೆ. ಈ ಹೊಡೆತಕ್ಕೆ ಕೊಳವೆಯ ಜೋಡಣೆಗಳೇ ಬಿರುಕು ಬಿಡುತ್ತವೆ, ಹಗುರವಾಗಿ ತೆಗೆದುಕೊಳ್ಳಬೇಡಿ.

ಟ್ರ್ಯಾಪ್ ಬದಲಿಸುವ ಮುನ್ನ ಅದಕ್ಕೆ ನೀರು ಬರುವ ದಾರಿಯಲ್ಲಿರುವ ಜಾಲರಿಯನ್ನು ನೋಡಿಸಿ. ತುಕ್ಕಿನ ಪುಡಿ ಸೇರಿ ಜಾಲರಿ ಮುಚ್ಚಿರುವುದೇ ಹೆಚ್ಚು. ಎರಡೂ ಕಡೆಯ ವಾಲ್ವ್ ಮುಚ್ಚಿ, ಒತ್ತಡ ಪೂರ್ತಿ ಇಳಿದು ತಣ್ಣಗಾದ ಮೇಲೆಯೇ ಮುಚ್ಚಳ ಬಿಚ್ಚಬೇಕು.

ಬೆಳಗಿನ ಕ್ರಮವನ್ನೂ ಬದಲಿಸಿ. ಮೊದಲು ಡ್ರೇನ್ ತೆರೆದಿಡಿ. ಅದರ ಬಾಯಿ ಯಾರ ಕಾಲ ಕಡೆಗೂ ಇರಬಾರದು. ಹಬೆಯ ವಾಲ್ವನ್ನು ಕಾಲು ಸುತ್ತು ಮಾತ್ರ ಬಿಟ್ಟು ಕಾಯಿರಿ. ಮೊದಲು ಕೆಂಪು ನೀರು ಬರಬಹುದು, ಆಮೇಲೆ ತಿಳಿನೀರು, ಕೊನೆಗೆ ಹಬೆ. ಆಗ ಡ್ರೇನ್ ಮುಚ್ಚಿ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಇಷ್ಟಾದರೂ ಜಾಕೆಟ್ಟಿನ ಯಾವುದೋ ಒಂದು ಭಾಗ ಕಾಯದಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ, ಏರ್ ವೆಂಟ್ ಪರೀಕ್ಷಿಸಿ.

ಹಾಲಿನ ಪಾಯಸಕ್ಕೆ ಹೆಚ್ಚು ಒತ್ತಡ ಬೇಕಿಲ್ಲ. ಗೇಜಿನಲ್ಲಿ 1 ಬಾರ್ ಇದ್ದಾಗ ಹಬೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಅರ್ಧ ಬಾರ್ ಇದ್ದಾಗ ಸುಮಾರು 111. ಅರ್ಧ ಬಾರ್ ಸಾಕು. ಹಾಲು ಸುರಿದ ಮೇಲೆ ಹಬೆ ಬಿಡಿ, ತಿರುವುತ್ತಲೇ ಇರಿ. ಕಾದ ಖಾಲಿ ಕೆಟಲ್ಲಿಗೆ ತೊಳೆಯಲೆಂದು ತಣ್ಣೀರು ಎರಚುವ ಅಭ್ಯಾಸವಿದ್ದರೆ ನಿಲ್ಲಿಸಿ, ಬೆಸುಗೆ ಬಿರಿಯುತ್ತದೆ.

ದುರಸ್ತಿ ಮುಗಿಯುವವರೆಗೆ ಆ ಕೆಟಲ್ಲಿನ ಹಬೆಯ ವಾಲ್ವ್ ಮುಚ್ಚಿ, ಚೀಟಿ ಕಟ್ಟಿ, ಉಳಿದ ಎರಡರಲ್ಲೇ ಅಡುಗೆ ಮಾಡಿಸಿ. ಊಟ ಅರ್ಧ ಗಂಟೆ ತಡವಾದರೆ ಮಕ್ಕಳಿಗೆ ನೀವೇ ಹೇಳಿ. ಅಡುಗೆಯವರ ಮೇಲೆ ಅವಸರ ಹೇರಬೇಡಿ.