ಲಾರಿ ಕಾಕಿನಾಡಕ್ಕೆ ಹೋಯಿತು, ಅಕ್ಕಿ ಯಾವ ಜಿಲ್ಲೆಯದು?

ಬಳ್ಳಾರಿ

ಸಹೋದರಿ ಅವರಿಗೆ ನಮಸ್ಕಾರ.

ನೀವು ಕಳಿಸಿದ ‘ಅಂಕಿಗಳ ಮಹಾಮೋಸ’ ಲೇಖನ ತಲುಪಿದೆ. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಇಷ್ಟು ಬರೆದು ಲಕೋಟೆ ಅಂಟಿಸಬಹುದಿತ್ತು. ಹೆಚ್ಚಿನ ಲೇಖನಗಳಿಗೆ ನಾನು ಮಾಡುವುದೂ ಅಷ್ಟೇ. ಆದರೆ ನಿಮ್ಮ ಆರನೇ ಪುಟದ ನಡುವೆ ಒಂದು ಪ್ಯಾರಾ ಇದೆ. ಅದು ನನ್ನನ್ನು ಸುಮ್ಮನಿರಲು ಬಿಡಲಿಲ್ಲ.

ಮೊದಲಿಗೆ, ನೀವು ಹೇಳಿರುವುದು ನನಗೆ ಅರ್ಥವಾದ ಬಗೆ ಹೀಗೆ. ನೀವು ಕೊಪ್ಪಳ ಜಿಲ್ಲೆಯ ಕಾರಟಗಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೀರಿ. ಜಿಲ್ಲಾವಾರು ರಫ್ತಿನ ಕೋಷ್ಟಕವೊಂದು ನಿಮ್ಮ ಕೈಗೆ ಸಿಕ್ಕಿತು. ಅದರಲ್ಲಿ ಕೊಪ್ಪಳದ ಅಕ್ಕಿಯ ಲೆಕ್ಕ ನೀವು ಅಂದುಕೊಂಡಿದ್ದಕ್ಕಿಂತ ಎಷ್ಟೋ ಕಡಿಮೆ ಕಂಡಿತು. ಆಂಧ್ರದ ಕಾಕಿನಾಡ ಬಂದರಿಗೆ ಹೋಗುವ ಲಾರಿಗಳನ್ನು ದಿನವೂ ಎಣಿಸುವವರು ನೀವು, ಸಿಟ್ಟು ಬಂದದ್ದು ಸಹಜ. ಅಲ್ಲಿಂದ ಒಮ್ಮೆಲೇ ಕಬ್ಬಿಣದ ಅದಿರಿಗೆ ಹಾರಿದಿರಿ. ಭಾರತ ಕಳಿಸಿದೆ ಎನ್ನುವ ಅದಿರಿಗೂ ಚೀನಾ ತರಿಸಿಕೊಂಡೆ ಎನ್ನುವ ಅದಿರಿಗೂ ತಾಳೆಯಾಗುವುದಿಲ್ಲ, ಆದ್ದರಿಂದ ನಡುವಿನದ್ದೆಲ್ಲ ಕಳವಿನ ಮಾಲು ಎಂದಿರಿ. ಕೊನೆಗೆ, ಸರ್ಕಾರದ ವ್ಯಾಪಾರದ ಅಂಕಿಅಂಶಗಳೆಲ್ಲ ಬೊಗಳೆ ಎಂಬ ತೀರ್ಪು.

ಮೊದಲ ಮೂರು ಪುಟಗಳನ್ನು ಹರಿದು ಹಾಕಿ. ‘ಇಂದಿನ ಜಾಗತೀಕರಣದ ಯುಗದಲ್ಲಿ’ ಎಂದು ಶುರುವಾಗುವ ಲೇಖನ ನಮ್ಮ ಕಚೇರಿಗೆ ವಾರಕ್ಕೆ ನಾಲ್ಕು ಬರುತ್ತವೆ. ಕೊನೆಯಲ್ಲಿ ಅಂಟಿಸಿದ ವಚನದ ಸಾಲೂ ಬೇಡ. ಹನ್ನೆರಡನೆಯ ಶತಮಾನದ ಶರಣರು ರಫ್ತು ಸುಂಕದ ಬಗ್ಗೆ ಸಾಕ್ಷಿ ಹೇಳಲಾರರು.

ಈಗ ಆ ಪ್ಯಾರಾ. ನಿಮ್ಮ ಮಾತುಗಳನ್ನೇ ಇಲ್ಲಿ ಎತ್ತಿ ಬರೆಯುತ್ತಿದ್ದೇನೆ: ‘ರಾತ್ರಿ ಹತ್ತಕ್ಕೆ ಲಾರಿ ತುಂಬುತ್ತದೆ. ಇನ್‌ವಾಯ್ಸ್ ಬರೆಯುವವಳು ನಾನೇ. ಪಾರ್ಟಿ ಕಾಕಿನಾಡದ್ದು. ಚೀಲದ ಮೇಲೆ ನಮ್ಮ ಮಿಲ್ಲಿನ ಹೆಸರಿಲ್ಲ, ಅವರೇ ಕಳಿಸಿದ ಖಾಲಿ ಚೀಲ. ಡ್ರೈವರ್ ಸಹಿ ಹಾಕಿ ಹೊರಟ ಮೇಲೆ ನಮ್ಮ ಪುಸ್ತಕದಲ್ಲಿ ಆ ಅಕ್ಕಿಯ ಕಥೆ ಮುಗಿಯಿತು. ಅದು ಹಡಗು ಹತ್ತಿತೋ, ದಾರಿಯಲ್ಲಿ ಹೈದರಾಬಾದಿನಲ್ಲೇ ಇಳಿಯಿತೋ ನಮಗೆ ತಿಳಿಯುವುದಿಲ್ಲ.’

ನಿಮ್ಮ ಪ್ರಶ್ನೆಯ ಉತ್ತರ ಈ ಸಾಲುಗಳಲ್ಲೇ ಇದೆ. ಬರೆದವರು ನೀವೇ, ಗಮನಿಸದೆ ಮುಂದಿನ ಪ್ಯಾರಾದಲ್ಲಿ ಸರ್ಕಾರವನ್ನು ಬೈಯಲು ಹೋದವರೂ ನೀವೇ.

ನೀವು ಹರಿದುಕೊಟ್ಟ ಇನ್‌ವಾಯ್ಸ್ ಹೊರ ರಾಜ್ಯದ ವ್ಯಾಪಾರಿಗೆ ಮಾಡಿದ ಮಾರಾಟದ ಕಾಗದ. ಅದರಲ್ಲಿ ರಫ್ತು ಎಂಬ ಮಾತೇ ಇಲ್ಲ. ರಫ್ತು ಹುಟ್ಟುವುದು ಬಂದರಿನಲ್ಲಿ, ಶಿಪ್ಪಿಂಗ್ ಬಿಲ್ ಎಂಬ ಇನ್ನೊಂದು ಕಾಗದದಲ್ಲಿ. ಅದನ್ನು ತುಂಬುವವನು ಆ ವ್ಯಾಪಾರಿಯ ಕಸ್ಟಮ್ಸ್ ಏಜೆಂಟ್. 2020ರ ಫೆಬ್ರುವರಿ 15ರಿಂದ ಆ ಬಿಲ್ಲಿನಲ್ಲಿ ಸರಕಿನ ಮೂಲ ರಾಜ್ಯದ ಜೊತೆಗೆ ಮೂಲ ಜಿಲ್ಲೆಯನ್ನೂ ಕಡ್ಡಾಯವಾಗಿ ನಮೂದಿಸಬೇಕು. ನಿಯಮವೇನೋ ಚೆನ್ನಾಗಿದೆ. ಈಗ ಆ ಏಜೆಂಟನ ಪಕ್ಕದ ಕುರ್ಚಿಯಲ್ಲಿ ಕುಳಿತು ನೋಡಿ. ಗೋದಾಮಿನಲ್ಲಿ ಕಾರಟಗಿಯ ಅಕ್ಕಿ, ಸಿಂಧನೂರಿನ ಅಕ್ಕಿ, ಮಿರ್ಯಾಲಗುಡದ ಅಕ್ಕಿ, ಗೋದಾವರಿ ಸೀಮೆಯ ಅಕ್ಕಿ ಎಲ್ಲವೂ ಒಂದೇ ಬಗೆಯ ಚೀಲದಲ್ಲಿ ಒಂದರ ಮೇಲೊಂದು ಕುಳಿತಿವೆ. ಹಡಗಿಗೆ ಹೊತ್ತಾಗಿದೆ. ಪರದೆಯ ಮೇಲೆ ಜಿಲ್ಲೆಯ ಕಲಂ ಖಾಲಿ ಇದ್ದರೆ ಬಿಲ್ಲು ಮುಂದೆ ಹೋಗುವುದಿಲ್ಲ. ಅವನು ಏನು ತುಂಬುತ್ತಾನೆ? ಗೋದಾಮು ಇರುವ ಜಿಲ್ಲೆಯನ್ನು ತುಂಬಿದರೆ ನಾನಂತೂ ಆಶ್ಚರ್ಯಪಡುವುದಿಲ್ಲ. ಅವನಿಗೆ ಕೊಪ್ಪಳದ ಮೇಲೆ ದ್ವೇಷವೂ ಇಲ್ಲ, ತಪ್ಪು ತುಂಬಿದರೆ ಬರುವ ಲಾಭವೂ ಇಲ್ಲ. ಆ ಕಲಂ ಸರಿಯಾಗಿರಲಿ ಎಂದು ತಲೆ ಕೆಡಿಸಿಕೊಳ್ಳುವವರು ಆ ಕೋಣೆಯಲ್ಲಿ ಯಾರೂ ಇಲ್ಲ, ಅಷ್ಟೇ.

ಕಸ್ಟಮ್ಸ್ ಗಣಕದಲ್ಲಿ ಸೇರಿದ ಈ ವಿವರಗಳು ಕೋಲ್ಕತ್ತದಲ್ಲಿರುವ ವಾಣಿಜ್ಯ ಗುಪ್ತಚರ ಮತ್ತು ಅಂಕಿಅಂಶಗಳ ಮಹಾನಿರ್ದೇಶನಾಲಯಕ್ಕೆ ಹೋಗುತ್ತವೆ. 1862ರಷ್ಟು ಹಿಂದಕ್ಕೆ ಬೇರು ಚಾಚಿದ ಸಂಸ್ಥೆ ಅದು. ಕೂಡಿಸಿ, ತೆಗೆದು, ಪ್ರಕಟಿಸುವುದು ಅವರ ಕೆಲಸ. ನಿಮ್ಮ ಲಾರಿಯನ್ನು ಅವರು ಕಂಡವರಲ್ಲ. ದೇಶದಿಂದ ಇಷ್ಟು ಟನ್ ಅಕ್ಕಿ ಹೊರಗೆ ಹೋಯಿತು ಎಂಬ ಒಟ್ಟು ಲೆಕ್ಕ ಸಾಕಷ್ಟು ಗಟ್ಟಿಯಾದದ್ದು. ಹಡಗು, ಬ್ಯಾಂಕು, ಸುಂಕ ಮೂರೂ ಅದನ್ನು ಹಿಡಿದು ನಿಲ್ಲಿಸುತ್ತವೆ. ಅದನ್ನು ಜಿಲ್ಲೆಗಳಿಗೆ ಹಂಚಿದ ಲೆಕ್ಕವನ್ನು ಹಿಡಿದು ನಿಲ್ಲಿಸುವುದು ಏಜೆಂಟನ ಬೆರಳು ಮಾತ್ರ. ಒಂದೇ ಕಾಗದದ ಎರಡು ಕಲಂಗಳಲ್ಲಿ ಒಂದು ನಂಬಿಕೆಗೆ ತಕ್ಕದ್ದು, ಇನ್ನೊಂದು ಅಷ್ಟಲ್ಲ. ‘ಎಲ್ಲ ಸುಳ್ಳು’ ಎಂದುಬಿಟ್ಟರೆ ಈ ವ್ಯತ್ಯಾಸವೇ ಕೈಬಿಟ್ಟು ಹೋಗುತ್ತದೆ. ನಾನು ನಿಮ್ಮಿಂದ ಬಯಸುವ ಲೇಖನ ಇದೊಂದೇ: ಅಂಕಿ ಹುಟ್ಟುವ ಜಾಗಕ್ಕೆ ಹೋಗಿ, ಯಾವ ಕಲಂ ಅನ್ನು ಯಾರು, ಯಾವ ಅವಸರದಲ್ಲಿ ತುಂಬಿದರು ಎಂದು ಹೇಳಿ. ರಾಜ್ಯದ ಪತ್ರಕರ್ತರಲ್ಲಿ ಆ ಇನ್‌ವಾಯ್ಸ್ ಬರೆದ ಕೈ ಇರುವವರು ನನಗೆ ಗೊತ್ತಿದ್ದಂತೆ ಯಾರೂ ಇಲ್ಲ. ನಿಮಗಿದೆ.

ಅದಿರಿನ ಭಾಗಕ್ಕೆ ಬರೋಣ. ಇಲ್ಲಿ ನಾನು ಸ್ವಲ್ಪ ಕಟುವಾಗಬೇಕು. ಬಳ್ಳಾರಿಯಲ್ಲಿ ಕುಳಿತು ಈ ಪತ್ರಿಕೆ ನಡೆಸುವವನಿಗೆ ಅದಿರಿನ ವಿಷಯದಲ್ಲಿ ತಪ್ಪು ಅಚ್ಚಾದರೆ ಬೀದಿಯಲ್ಲಿ ತಲೆಯೆತ್ತಲು ಆಗುವುದಿಲ್ಲ.

ಎರಡು ದೇಶಗಳ ಲೆಕ್ಕವನ್ನು ಎದುರುಬದುರು ಇಟ್ಟು ನೋಡುವುದು ಒಳ್ಳೆಯ ಪರೀಕ್ಷೆ. ಕನ್ನಡಿ ಲೆಕ್ಕ ಎನ್ನುತ್ತಾರೆ. ಆದರೆ ನೀವು ಕನ್ನಡಿಯನ್ನೇ ಓರೆಯಾಗಿ ಹಿಡಿದಿದ್ದೀರಿ. ನಮ್ಮ ಅಂಕಿಯನ್ನು ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಚೀನಾದ್ದನ್ನು ಜನವರಿಯಿಂದ ಡಿಸೆಂಬರ್‌ವರೆಗೆ ತೆಗೆದುಕೊಂಡಿದ್ದೀರಿ. ಹೋಲಿಸಿದ್ದು ಡಾಲರಿನಲ್ಲಿ. ನಾವು ರಫ್ತಿನ ಬೆಲೆ ಬರೆಯುವುದು ಸರಕು ನಮ್ಮ ಬಂದರಿನಲ್ಲಿ ಹಡಗು ಹತ್ತಿದಾಗಿನದ್ದು. ಅವರು ಆಮದಿನ ಬೆಲೆ ಬರೆಯುವುದು ಹಡಗಿನ ಬಾಡಿಗೆ, ವಿಮೆ ಎಲ್ಲ ಸೇರಿಸಿ. ಅದಿರಿನಂತಹ ಭಾರದ, ಅಗ್ಗದ ಸರಕಿಗೆ ಬಾಡಿಗೆಯೇ ದೊಡ್ಡ ಮೊತ್ತ. ಕಳವಿಲ್ಲದಿದ್ದರೂ ಅವರ ಅಂಕಿ ದೊಡ್ಡದಾಗಿಯೇ ಕಾಣಬೇಕು.

ಟನ್ನಿನಲ್ಲಿ ಹೋಲಿಸಿದ್ದರೂ ಒಂದು ಹಳ್ಳ ಇತ್ತು. ಮಳೆಗಾಲದಲ್ಲಿ ಸಂಡೂರಿನ ರಸ್ತೆಯಲ್ಲಿ ಟಾರ್ಪಾಲಿನ ಅಂಚಿನಿಂದ ಕೆಂಪು ನೀರು ಸೋರಿಸುತ್ತಾ ಹೋಗುವ ಅದಿರಿನ ಲಾರಿಗಳನ್ನು ನೀವು ನೋಡಿರುತ್ತೀರಿ. ಆ ನೀರಿಗೂ ತೂಕವಿದೆ. ಅದಿರಿನ ವ್ಯಾಪಾರದಲ್ಲಿ ಹಸಿ ಟನ್, ಒಣ ಟನ್ ಎಂದು ಎರಡು ಲೆಕ್ಕ. ಹಡಗಿಗೆ ತುಂಬುವುದು ಹಸಿ ತೂಕ, ಹಣ ಕೊಡುವುದು ಸಾಮಾನ್ಯವಾಗಿ ತೇವಾಂಶ ಕಳೆದ ಒಣ ತೂಕಕ್ಕೆ. ಒಂದು ಲಕ್ಷ ಹಸಿ ಟನ್ನಿನಲ್ಲಿ ಶೇ 8ರಷ್ಟು ತೇವ ಇದ್ದರೆ ಒಣ ಲೆಕ್ಕ 92,000 ಟನ್. ಒಂದು ಕಾಗದದಲ್ಲಿ ಹಸಿಯದು, ಇನ್ನೊಂದರಲ್ಲಿ ಒಣದು ಬಿದ್ದರೆ 8,000 ಟನ್ ‘ಮಾಯ’. ಕದ್ದವರು ಯಾರೂ ಇಲ್ಲ, ಆರಿಹೋದ ನೀರು ಅದು.

ಇನ್ನೂ ದೊಡ್ಡ ತಪ್ಪು ಬೇರೆ ಇದೆ. 2015ರ ವ್ಯತ್ಯಾಸವನ್ನೂ ನೀವು ಬಳ್ಳಾರಿಯ ತಲೆಗೆ ಕಟ್ಟಿದ್ದೀರಿ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ತಡೆಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಗಣಿಗಳು ಒಂದೊಂದಾಗಿ ತೆರೆದರೂ ಇಲ್ಲಿನ ಅದಿರನ್ನು ವಿದೇಶಕ್ಕೆ ಕಳಿಸಲು ಕೋರ್ಟ್ ಒಪ್ಪಿದ್ದು 2022ರ ಮೇ ತಿಂಗಳಲ್ಲಿ. ಆ ನಡುವಿನ ವರ್ಷಗಳ ರಾಷ್ಟ್ರೀಯ ಅಂಕಿಯನ್ನು ಹಿಡಿದು ನಮ್ಮ ಊರನ್ನು ದೂರಿದರೆ, ಪಕ್ಕದ ಮನೆಯ ಕರೆಂಟ್ ಬಿಲ್ಲಿಗೆ ನಮ್ಮನ್ನು ಬೈದ ಹಾಗೆ.

ಕಳವೇ ಆಗಿಲ್ಲ ಎನ್ನುತ್ತಿಲ್ಲ. ಇಲ್ಲಿ ಏನಾಯಿತೆಂದು ನಾವೆಲ್ಲ ಧೂಳು ಕುಡಿದು ಬಲ್ಲೆವು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು ಕೊಟ್ಟ ವರದಿ 2006ರಿಂದ 2010ರವರೆಗೆ ಅಕ್ರಮವಾಗಿ ರಫ್ತಾದ ಅದಿರನ್ನು 2.98 ಕೋಟಿ ಟನ್ ಎಂದೂ ಅದರ ಮೌಲ್ಯವನ್ನು 12,228 ಕೋಟಿ ರೂಪಾಯಿ ಎಂದೂ ಲೆಕ್ಕ ಹಾಕಿತು. ಹೇಗೆ ಹಾಕಿತು ಎಂಬುದು ನಿಮಗೆ ಪಾಠವಾಗಬೇಕು. ಪರವಾನಗಿ ಕೊಟ್ಟ ಪ್ರಮಾಣ ಎಷ್ಟು, ಬಂದರುಗಳಿಂದ ಹೊರಟ ಪ್ರಮಾಣ ಎಷ್ಟು ಎಂದು ಕಾಗದಕ್ಕೆ ಕಾಗದ ತಾಳೆ ನೋಡಿದರು. ಒಂದೇ ಅದಿರಿನ ಬಗ್ಗೆ ಬೇರೆ ಬೇರೆ ಕಡೆ, ಬೇರೆ ಬೇರೆ ಉದ್ದೇಶಕ್ಕೆ ಹುಟ್ಟಿದ ಕಾಗದಗಳು ಅವು. ನೀವು ಹೋಲಿಸಿದ್ದು ಮಾವಿಗೂ ಬೇವಿಗೂ.

ಅಂಕಿಗಳಲ್ಲಿ ಎಡವಿದವರಲ್ಲಿ ನಾನೂ ಒಬ್ಬ. ಬಹಳ ವರ್ಷಗಳ ಹಿಂದೆ ಒಂದು ಲೇಖನದಲ್ಲಿ 2.5 ಮಿಲಿಯನ್ ಟನ್ ಎಂದಿದ್ದನ್ನು 2.5 ಲಕ್ಷ ಟನ್ ಎಂದು ಅಚ್ಚು ಹಾಕಿಸಿದೆ. ಒಂದು ಸೊನ್ನೆಯ ಅಂತರ. ಸಿರುಗುಪ್ಪದ ನಿವೃತ್ತ ಮೇಷ್ಟ್ರೊಬ್ಬರು ಅಂಚೆ ಕಾರ್ಡಿನಲ್ಲಿ ಒಂದೇ ಸಾಲು ಬರೆದರು: ‘ಉಳಿದ ಇಪ್ಪತ್ತೆರಡೂವರೆ ಲಕ್ಷ ಟನ್ ಎಲ್ಲಿಟ್ಟಿರಿ?’ ಆ ಕಾರ್ಡು ಈಗಲೂ ನನ್ನ ಮೇಜಿನ ಗಾಜಿನ ಕೆಳಗಿದೆ.

ಸರ್ಕಾರವೂ ಎಡವಿದೆ, ಒಪ್ಪಿಕೊಂಡೂ ಇದೆ. 2011ರ ಡಿಸೆಂಬರ್‌ನಲ್ಲಿ, ಆ ಆರ್ಥಿಕ ವರ್ಷದ ರಫ್ತನ್ನು 9 ಶತಕೋಟಿ ಡಾಲರಿನಷ್ಟು ಹೆಚ್ಚಾಗಿ ತೋರಿಸಿದ್ದೆವು ಎಂದು ವಾಣಿಜ್ಯ ಇಲಾಖೆಯೇ ಹೇಳಿತು. 2024ರ ನವೆಂಬರ್ ತಿಂಗಳ ಚಿನ್ನದ ಆಮದು ಮೊದಲು 14.8 ಶತಕೋಟಿ ಡಾಲರ್ ಎಂದು ಪ್ರಕಟವಾಗಿ ಗುಲ್ಲೆದ್ದಿತು, ಆಮೇಲೆ ಸುಮಾರು 5 ಶತಕೋಟಿ ಇಳಿಯಿತು. ವಿಶೇಷ ಆರ್ಥಿಕ ವಲಯಗಳ ಲೆಕ್ಕವನ್ನು ಒಂದು ಗಣಕ ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವಾಗ ಕೆಲವು ಎರಡೆರಡು ಸಲ ಎಣಿಕೆಯಾಗಿದ್ದವು. ನಿಮ್ಮ ಲೇಖನದಲ್ಲಿ ಇವೆರಡರ ಸುಳಿವೂ ಇಲ್ಲ. ಮೋಸ ಎಂದು ಕೂಗುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಆದರೆ ನಾನು ಅದನ್ನು ಮೋಸದ ಸಾಕ್ಷಿ ಎಂದು ಓದುವುದಿಲ್ಲ. ಪ್ರತಿ ತಿಂಗಳ ಮಧ್ಯದಲ್ಲಿ ಬರುವ ಅಂಕಿ ಅವಸರದ ಅಂದಾಜು, ತಿದ್ದುಪಡಿ ಅದರ ಹಣೆಬರಹ. ತಿದ್ದಿದ್ದನ್ನು ಮೊದಲು ಹೇಳಿದಷ್ಟೇ ದೊಡ್ಡ ದನಿಯಲ್ಲಿ, ಕಾರಣ ಸಮೇತ ಹೇಳಿದರೋ ಇಲ್ಲವೋ, ಅದನ್ನು ಕೇಳಿ.

ನಿಮ್ಮ ಕೈಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ, ಕ್ಯಾಲ್ಕುಲೇಟರ್ ಸಾಕು. ಕೋಷ್ಟಕದ ಪ್ರತಿ ಸಾಲಿನಲ್ಲೂ ಮೌಲ್ಯವನ್ನು ಪ್ರಮಾಣದಿಂದ ಭಾಗಿಸಿ. 12 ಲಕ್ಷ ರೂಪಾಯಿಗೆ 25 ಟನ್ ಅಕ್ಕಿ ಎಂದರೆ ಕಿಲೋಗೆ 48 ರೂಪಾಯಿ, ಸರಿ. ಯಾರಾದರೂ ಟನ್ನನ್ನು ಕಿಲೋ ಎಂದು ತುಂಬಿದ್ದರೆ ಅದೇ ಅಕ್ಕಿ ಕಿಲೋಗೆ 48,000 ರೂಪಾಯಿ ಆಗಿ ಕುಳಿತಿರುತ್ತದೆ. ಸೋನಾ ಮಸೂರಿಯ ದರವನ್ನು ನಿದ್ದೆಯಲ್ಲೂ ಹೇಳಬಲ್ಲ ನಿಮ್ಮಂಥವರ ಕಣ್ಣಿಗೆ ಇದು ತಟ್ಟನೆ ಬೀಳುತ್ತದೆ.

ಇನ್ನೊಂದು, ಯಾರಿಗೆ ಯಾವ ಕಲಂನಿಂದ ಲಾಭ ಎಂದು ನೋಡುವುದು. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಂತಿತು. ಕುಸುಬಲಕ್ಕಿಗೆ ಬಾಗಿಲು ತೆರೆದೇ ಇತ್ತು, ಆಗಸ್ಟ್‌ನಲ್ಲಿ ಶೇ 20ರ ಸುಂಕ ಬಿತ್ತು ಅಷ್ಟೇ. ಬಿಳಿ ಅಕ್ಕಿಗೆ ಮತ್ತೆ ದಾರಿಯಾದದ್ದು 2024ರ ಸೆಪ್ಟೆಂಬರ್ ಕೊನೆಗೆ. ಆ ಹದಿನಾಲ್ಕು ತಿಂಗಳಲ್ಲಿ ತನ್ನ ಅಕ್ಕಿ ಕಾಗದದ ಮೇಲಾದರೂ ಕುಸುಬಲಕ್ಕಿ ಆಗಿರಲಿ ಎಂದು ಆಸೆಪಡಲು ರಫ್ತುದಾರನಿಗೆ ಕಾರಣ ಇತ್ತು. ಅದಿರಿನಲ್ಲೂ ಹಾಗೆಯೇ: 2016ರಿಂದ, 2022ರ ಆರು ತಿಂಗಳು ಬಿಟ್ಟರೆ, ಕಬ್ಬಿಣದ ಅಂಶ ಶೇ 58ಕ್ಕಿಂತ ಕಡಿಮೆ ಇದ್ದರೆ ರಫ್ತು ಸುಂಕ ಇಲ್ಲ, ಮೇಲಿದ್ದರೆ ಶೇ 30. ಶೇ 58ರ ಗೆರೆಯ ಕೆಳಗೆ ಎಷ್ಟು ಸರಕು ಒತ್ತೊತ್ತಾಗಿ ಕುಳಿತಿದೆ ಎಂದು ನೋಡುವುದು ಕುತೂಹಲದ ಕೆಲಸ. ಯಾರೂ ಸುಳ್ಳು ಬರೆದರೆಂದು ನಾನು ಹೇಳುತ್ತಿಲ್ಲ, ನೀವೂ ಪುರಾವೆ ಇಲ್ಲದೆ ಹೇಳಬೇಡಿ. ಜಿಲ್ಲೆಯ ಕಲಂ ಅಲಕ್ಷ್ಯದಿಂದ ಕೆಡುತ್ತದೆ. ಸುಂಕಕ್ಕೆ ಅಂಟಿದ ಕಲಂ ಕೆಟ್ಟರೆ ಅದರ ಹಿಂದೆ ಆಸೆ ಇರುತ್ತದೆ. ಎರಡಕ್ಕೂ ಮದ್ದು ಬೇರೆ.

ನಿಮ್ಮ ಕೊನೆಯ ಪುಟದ ‘ಸರ್ಕಾರ ಎಚ್ಚೆತ್ತುಕೊಂಡು ಅಂಕಿಅಂಶಗಳ ಗುಣಮಟ್ಟ ಸುಧಾರಿಸಬೇಕು’ ಎಂಬ ಸಾಲನ್ನು ಓದಿ ಯಾವ ಅಧಿಕಾರಿಯೂ ಕುರ್ಚಿಯಿಂದ ಏಳುವುದಿಲ್ಲ. ಹೀಗೆ ಕೇಳಿ: ನಿಮ್ಮ ಇನ್‌ವಾಯ್ಸ್‌ಗೂ ಸರಕು ಸಾಗಿಸಲು ಮಾಡಿಸುವ ಇ-ವೇ ಬಿಲ್ಲಿಗೂ ಸಂಖ್ಯೆ ಇದೆ, ಎರಡರಲ್ಲೂ ಕಾರಟಗಿಯ ವಿಳಾಸ ಇದೆ. ಆ ಸಂಖ್ಯೆಯನ್ನು ಶಿಪ್ಪಿಂಗ್ ಬಿಲ್ಲಿನ ಮೂಲ ಜಿಲ್ಲೆಗೆ ಏಕೆ ಹೊಸೆಯಬಾರದು? ಬೆರಕೆ ಗೋದಾಮಿನ ಸರಕಿಗೆ ‘ಹಲವು ಜಿಲ್ಲೆ’ ಎಂದು ಪ್ರಾಮಾಣಿಕವಾಗಿ ಬರೆಯುವ ಅವಕಾಶ ಏಕೆ ಇರಬಾರದು? ಜಿಲ್ಲಾವಾರು ಕೋಷ್ಟಕದ ಅಡಿಯಲ್ಲಿ, ಇದು ರಫ್ತುದಾರರು ತಾವೇ ಘೋಷಿಸಿಕೊಂಡ ಜಿಲ್ಲೆ ಎಂಬ ಒಂದು ಸಾಲು ಏಕೆ ಇರಬಾರದು? ಆ ಒಂದು ಸಾಲು ಇದ್ದಿದ್ದರೆ ನೀವು ಹನ್ನೊಂದು ಪುಟ ಸಿಟ್ಟು ಮಾಡಿಕೊಳ್ಳುತ್ತಿರಲಿಲ್ಲ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಟ್ಟಿನಲ್ಲಿದ್ದಾಗ ‘ಪ್ರಮಾಣಾತ್ಮಕ ವ್ಯತ್ಯಯಗಳ ಪರಿಣಾಮಕಾರಿ ವಿಶ್ಲೇಷಣೆ’ ಎಂದು ಬರೆಯುತ್ತೀರಿ, ಲಾರಿಯ ಹತ್ತಿರ ನಿಂತಾಗ ಕನ್ನಡ ಬರೆಯುತ್ತೀರಿ. ಲಾರಿಯ ಹತ್ತಿರವೇ ನಿಲ್ಲಿ.

ಲೇಖನದ ಜೊತೆ ಮೊಬೈಲಿನಲ್ಲಿ ತೆಗೆದ ಮೂರು ಇನ್‌ವಾಯ್ಸ್‌ಗಳ ಚಿತ್ರ ಕಳಿಸಿದ್ದೀರಿ. ಅವುಗಳಲ್ಲಿ ಖರೀದಿದಾರರ ಜಿಎಸ್‌ಟಿ ಸಂಖ್ಯೆ, ಲಾರಿ ನಂಬರ್, ಡ್ರೈವರ್ ಸಹಿ ಎಲ್ಲ ಸ್ಪಷ್ಟವಾಗಿ ಕಾಣುತ್ತವೆ. ಅಚ್ಚಾದರೆ ನಿಮ್ಮ ಕೆಲಸ ಹೋಗುತ್ತದೆ. ನಾನು ಅಳಿಸಿಬಿಟ್ಟಿದ್ದೇನೆ, ನೀವೂ ಇನ್ನು ಯಾರಿಗೂ ಕಳಿಸಬೇಡಿ. ಮಿಲ್ಲಿನ ಹೆಸರು ನಮಗೆ ಬೇಕಿಲ್ಲ, ಒಂದು ಲಾರಿಯ ಒಂದು ರಾತ್ರಿ ಸಾಕು. ಸಾಧ್ಯವಾದರೆ ಆ ಕಾಕಿನಾಡದ ಪಾರ್ಟಿಗೆ ಫೋನ್ ಮಾಡಿ, ಬಿಲ್ಲಿನಲ್ಲಿ ಜಿಲ್ಲೆ ಯಾವುದೆಂದು ಬರೆಯುತ್ತೀರಿ ಎಂದು ಸುಮ್ಮನೆ ಕೇಳಿ ನೋಡಿ. ಅವರು ನಕ್ಕರೆ, ನಕ್ಕರು ಎಂದೇ ಬರೆಯಿರಿ. ನಾಲ್ಕು ಪುಟ ಮೀರದಿರಲಿ. ಸುಗ್ಗಿಯ ಗದ್ದಲ ತಗ್ಗಿದ ಮೇಲೆ ಕಳಿಸಿದರೂ ಸರಿ, ನಾನು ಜಾಗ ಇಟ್ಟುಕೊಂಡಿರುತ್ತೇನೆ.

ಇಂತಿ,
ಸಂಪಾದಕ