ಮಾಯದ ಕಾಲಿನ ಹುಣ್ಣು: ಎಲ್ಲವೂ ಶುಗರ್ ಗಾಯವಲ್ಲ

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ, ಕಬ್ಬು ಬೆಳೆಗಾರರು, ಸಕ್ಕರೆ ಕಾಯಿಲೆ ಇದೆ. ಬಲಗಾಲಿನ ಒಳಗಿಣ್ಣಿನ ಮೇಲೆ 8 ತಿಂಗಳಿಂದ ಹುಣ್ಣು. ಮಾಯುತ್ತದೆ, ಮತ್ತೆ ಬಾಯಿ ಬಿಡುತ್ತದೆ. ಸುತ್ತ ಚರ್ಮ ಕಪ್ಪಾಗಿದೆ, ಸಂಜೆಗೆ ಕಾಲು ಊದುತ್ತದೆ. ಔಷಧದಂಗಡಿಯವರು ಬಿಗಿ ಕಾಲುಚೀಲ ಹಾಕಿಸಿ ಎನ್ನುತ್ತಾರೆ. ಹಾಕಬಹುದೇ?
– ಓದುಗರು, ಮದ್ದೂರು

ಉತ್ತರ: ಈಗಲೇ ಬೇಡ, ಒಂದು ಪರೀಕ್ಷೆ ಆಗಲಿ.

ಸಕ್ಕರೆ ಕಾಯಿಲೆಯಲ್ಲಿ ನರಗಳು ಸೋತು ಆಗುವ ಹುಣ್ಣು ಸಾಮಾನ್ಯವಾಗಿ ಅಂಗಾಲಿನಲ್ಲಿ, ಹೆಬ್ಬೆರಳ ಬುಡದಲ್ಲಿ, ದಪ್ಪಗಟ್ಟಿದ ಚರ್ಮದ ನಡುವೆ ಇರುತ್ತದೆ. ನೋವೇ ಇರುವುದಿಲ್ಲ. ಅಂಗಾಲಲ್ಲಿ ಸ್ಪರ್ಶ ಹೋಗಿದ್ದರೆ ಕುಷ್ಠವನ್ನೂ ಮರೆಯಬಾರದು. ನಿಮ್ಮ ತಂದೆಯ ಹುಣ್ಣಿನ ಜಾಗ, ಕಪ್ಪು ಬಣ್ಣ, ಊತ ಬೇರೆಯದನ್ನೇ ಹೇಳುತ್ತಿವೆ: ರಕ್ತವನ್ನು ಮೇಲಕ್ಕೆ ಒಯ್ಯುವ ನಾಳಗಳ ಕವಾಟ ಕೆಟ್ಟು, ರಕ್ತ ಗಿಣ್ಣಿನ ಬಳಿ ಮಡುಗಟ್ಟಿರಬಹುದು. ಅವರು ನಿಂತಾಗ ಮೀನಖಂಡದಲ್ಲಿ ನಾಳಗಳು ಉಬ್ಬುತ್ತವೆಯೇ, ಕಾಲು ಎತ್ತಿಟ್ಟರೆ ಹಾಯೆನಿಸುತ್ತದೆಯೇ ನೋಡಿ.

ಇಂಥ ಹುಣ್ಣಿಗೆ ಬಿಗಿಕಟ್ಟೇ (ಬಿಗಿ ಪಟ್ಟಿ ಇಲ್ಲವೇ ಕಾಲುಚೀಲ) ಮುಖ್ಯ ಚಿಕಿತ್ಸೆ, ಮುಲಾಮಲ್ಲ. ಆದರೆ ಕಾಲಿಗೆ ರಕ್ತ ತರುವ ನಾಳವೂ ಕಟ್ಟಿಕೊಂಡಿದ್ದರೆ ಅದೇ ಕಟ್ಟು ಬೆರಳುಗಳನ್ನು ಕೊಳೆಸಿಬಿಡಬಹುದು. ಬೀಡಿ ಸೇದುವವರಲ್ಲಿ ಈ ಭಯ ಹೆಚ್ಚು. ಪಾದ ತಣ್ಣಗಿರುವುದು, ನಡೆದರೆ ಮೀನಖಂಡ ಹಿಡಿಯುವುದು, ರಾತ್ರಿ ನೋವಿಗೆ ಕಾಲನ್ನು ಮಂಚದಿಂದ ಇಳಿಬಿಟ್ಟರೆ ಆರಾಮವಾಗುವುದು ಇದರ ಗುರುತು.

ಹಾಗಾಗಿ ಮಂಡ್ಯದಲ್ಲೋ ಮೈಸೂರಿನಲ್ಲೋ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೋಗಿ ಎಬಿಪಿಐ, ಅಂದರೆ ಕಾಲಿಗೆ ರಕ್ತ ಸರಿಯಾಗಿ ಬರುತ್ತಿದೆಯೇ ಎಂದು ತಿಳಿಸುವ ಪರೀಕ್ಷೆ, ಮಾಡಿಸಿ. ರಕ್ತದ ಹರಿವನ್ನು ಗುರುತಿಸುವ ಡಾಪ್ಲರ್ ಉಪಕರಣ ಹಿಡಿದು ಗಿಣ್ಣಿನ ಬಳಿ ರಕ್ತದೊತ್ತಡದ ಮೇಲಿನ ಅಂಕಿಯನ್ನು (ಸಿಸ್ಟಾಲಿಕ್) ಅಳೆದು, ಅದನ್ನು ತೋಳಿನದರಿಂದ ಭಾಗಿಸುತ್ತಾರೆ. ಗಿಣ್ಣಿನಲ್ಲಿ 96, ತೋಳಿನಲ್ಲಿ 120 ಇದ್ದರೆ 0.8. ಅದಕ್ಕಿಂತ ಕಡಿಮೆಯಾದರೆ ಪೂರ್ಣ ಬಿಗಿಯ ಕಟ್ಟು ಸಲ್ಲದು, 0.5ಕ್ಕಿಂತ ಇಳಿದರೆ ರಕ್ತನಾಳ ತಜ್ಞರನ್ನು ತಕ್ಷಣ ಕಾಣಬೇಕು. ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆಗೆ ಸುಣ್ಣ ಕಟ್ಟಿ ಅಂಕಿ ಸುಳ್ಳಾಗಿ ಏರುವುದುಂಟು. 1.3 ದಾಟಿದರೆ ನೆಮ್ಮದಿಪಡದೆ, ಕಾಲ್ಬೆರಳಿನ ಒತ್ತಡ ಅಳೆಯಲು ಕೇಳಿ. ಕವಾಟಗಳ ಸ್ಥಿತಿ ತಿಳಿಯಲು ನಿಲ್ಲಿಸಿ ಮಾಡುವ ಡಾಪ್ಲರ್ ಸ್ಕ್ಯಾನ್ ಬೇರೆಯೇ ಇದೆ.

ಇಷ್ಟು ತಿಂಗಳು ಮಾಯದ ಹುಣ್ಣಿನ ಅಂಚಿನಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುವಂತೆಯೂ ಕೇಳಿ. ಹಳೆಯ ಹುಣ್ಣು ಅಪರೂಪಕ್ಕೆ ಕ್ಯಾನ್ಸರಿಗೆ ತಿರುಗುತ್ತದೆ, ಅಂಚು ದಪ್ಪಗಾಗಿ ಮೇಲೆದ್ದಿದ್ದರೆ ಇನ್ನೂ ಅನುಮಾನಪಡಬೇಕು. ಬೆರಳು ಕಪ್ಪಾದರೆ, ಜ್ವರದೊಡನೆ ಕೆಂಪು ಹರಡಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.